ಕೈಗಾರಿಕಾ ಸಚಿವರಿಗೆ ಗಣಿನಾಡಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

2025ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ದೊರೆತಿದೆ ಎಂದು ಸರ್ಕಾರ ಪ್ರಕಟಿಸಿದಾಗ, ಬಳ್ಳಾರಿ ಸೀಮೆಯವರಾದ ನಮಗೂ ಸಂತೋಷವಾಯಿತು. ಆ ಹೊಸಬರನ್ನು ಬರಮಾಡಿಕೊಳ್ಳುವ ಮುನ್ನ, ಸರ್ಕಾರದ ಮಾತು ನಂಬಿ ಈಗಾಗಲೇ ಹಣ ಹಾಕಿ ಕುಳಿತಿರುವವರ ನಿವೇಶನಗಳಿಗೆ ರಸ್ತೆ, ನೀರು, ವಿದ್ಯುತ್ ಕೊಡಿಸಿ ಎಂಬುದೊಂದೇ ಈ ಪತ್ರದ ಕೋರಿಕೆ.

ನನ್ನದು ಸಣ್ಣ ಉದ್ಯಮ. ಅದಿರು ಸಾಗಿಸುವ ಕನ್ವೇಯರ್ ಬೆಲ್ಟಿನ ಕೆಳಗೆ ತಿರುಗುವ ರೋಲರ್‌ಗಳನ್ನು ದುರಸ್ತಿ ಮಾಡುವುದು, ಸಾಧ್ಯವಾದರೆ ಇಲ್ಲಿಯೇ ತಯಾರಿಸುವುದು ನನ್ನ ಯೋಜನೆ. ಅದಿರಿನ ಕೆಂಪು ಪುಡಿ ಸೀಲ್ ದಾಟಿ ಬೇರಿಂಗಿಗೆ ಹೊಕ್ಕರೆ ಗ್ರೀಸು ಗಟ್ಟಿಯಾಗಿ ರೋಲರ್ ಹಿಡಿದುಕೊಳ್ಳುತ್ತದೆ. ನಿಂತ ರೋಲರ್ ಮೇಲೆ ಬೆಲ್ಟ್ ಉಜ್ಜುತ್ತ ಹೋದಂತೆ ಅದರ ಕೊಳವೆ ಸವೆದು, ಅಂಚು ಚೂರಿಯಂತಾಗಿ, ಕೊನೆಗೆ ಬೆಲ್ಟನ್ನೇ ಸೀಳುತ್ತದೆ. ಅಂದರೆ ಅದಿರು ಇರುವಲ್ಲೆಲ್ಲ ಈ ಕೆಲಸಕ್ಕೆ ಬರವಿಲ್ಲ. ಅದಿರು ನಮ್ಮದು, ಧೂಳೂ ನಮ್ಮದು, ರೋಲರ್ ಮಾತ್ರ ಹೊರಗಿನಿಂದ ಬರಬೇಕು ಎಂಬುದು ಯಾವ ನ್ಯಾಯ?

15 ಕೋಟಿ ರೂಪಾಯಿವರೆಗಿನ ಯೋಜನೆಗಳಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯೇ ಒಪ್ಪಿಗೆ ಕೊಡುತ್ತದೆ ಎಂಬುದು ತಮಗೆ ಗೊತ್ತಿರುವ ವಿಷಯ. ಒಪ್ಪಿಗೆ ನನಗೂ ಸಿಕ್ಕಿತು, ನಿವೇಶನದ ಹಣವನ್ನೂ ಕಟ್ಟಿದೆ. ಕಿಟಕಿ ಒಂದೇ, ನಿಜ. ಆದರೆ ಅದರ ಹಿಂದೆ ಎಷ್ಟು ಬಾಗಿಲುಗಳಿವೆ ಎಂಬುದು ಒಳಗೆ ಹೋದವರಿಗಷ್ಟೇ ತಿಳಿಯುತ್ತದೆ. ನಿವೇಶನದಲ್ಲಿ ಇಂದಿಗೂ ಇರುವುದು ಗಡಿಕಲ್ಲುಗಳು ಮತ್ತು ಜಾಲಿಗಿಡಗಳು. ವಿದ್ಯುತ್ ಲೈನು ಮುಖ್ಯರಸ್ತೆಯ ಕಂಬಕ್ಕೇ ನಿಂತಿದೆ, ಅಂದಾಜುಪಟ್ಟಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಪ್ರತಿ ಸಲವೂ 'ಪರಿಷ್ಕೃತ'ವಾಗಿ ಮರಳುತ್ತದೆ. ಸಾಲ ಮಾಡಿ ತಂದ ಲೇತ್ ಯಂತ್ರ ಬಾಡಿಗೆ ಶೆಡ್ಡಿನಲ್ಲಿ ತಾಡಪಾಲು ಹೊದ್ದು ಕೂತಿದೆ. ಬ್ಯಾಂಕಿನ ಕಂತು ಮಾತ್ರ ಯಾವ ಪರಿಷ್ಕರಣೆಗೂ ಕಾಯುವುದಿಲ್ಲ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಈ ಪತ್ರ ಬರೆಯಿಸಿದ್ದು ಕಳೆದ ಮಳೆಗಾಲದ ಘಟನೆ. ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿಯೊಬ್ಬರ ಜೀಪು ನಿವೇಶನಕ್ಕೆ ಹೋಗುವ ದಾರಿಯಲ್ಲಿ ಕೆಸರಿಗೆ ಹೂತುಕೊಂಡಿತು. ಪಕ್ಕದ ಹೊಲದವರ ಟ್ರ್ಯಾಕ್ಟರ್ ತರಿಸಿ, ಹಗ್ಗ ಕಟ್ಟಿ ನಾವೇ ಎಳೆಸಿದೆವು. ಪ್ಯಾಂಟಿಗೆ ಸಿಡಿದ ರಾಡಿ ತೊಳೆದುಕೊಳ್ಳಲು ಅಲ್ಲಿ ನೀರಿಲ್ಲದೆ ನನ್ನ ಕುಡಿಯುವ ನೀರಿನ ಬಾಟಲಿಯನ್ನೇ ಅವರಿಗೆ ಕೊಟ್ಟೆ. ಆಮೇಲೆ ಅವರು ಬರೆದ ವರದಿಯಲ್ಲಿ 'ಮೂಲಸೌಕರ್ಯ ಲಭ್ಯವಿದೆ' ಎಂದಿತ್ತು! ಅದರ ಬೆನ್ನಿಗೇ ನೋಟಿಸು ಬಂತು: ನಿಗದಿತ ಅವಧಿಯಲ್ಲಿ ಉತ್ಪಾದನೆ ಆರಂಭಿಸದ ಕಾರಣ ಹಂಚಿಕೆಯನ್ನು ಏಕೆ ರದ್ದುಪಡಿಸಬಾರದು? ವಿದ್ಯುತ್ತಿಲ್ಲದೆ ಲೇತ್ ತಿರುಗಿಸುವ ವಿದ್ಯೆಯನ್ನು ಇಲಾಖೆಯೇ ಹೇಳಿಕೊಟ್ಟರೆ ಕಲಿಯಲು ಸಿದ್ಧನಿದ್ದೇನೆ.

ಹಣವಿಲ್ಲ ಎಂಬ ಉತ್ತರವನ್ನು ಈ ಜಿಲ್ಲೆಯವರಿಗೆ ಮಾತ್ರ ಕೊಡಬೇಡಿ. 2015ರ ಜನವರಿ 12ಕ್ಕೆ ಮುಂಚಿನ ಗಣಿ ಗುತ್ತಿಗೆದಾರರು ರಾಜಧನದ (ತೆಗೆದ ಅದಿರಿಗೆ ಸರ್ಕಾರಕ್ಕೆ ಸಲ್ಲಿಸುವ ಹಣದ) ಶೇ 30ರಷ್ಟನ್ನು, ಹರಾಜಿನಲ್ಲಿ ಗುತ್ತಿಗೆ ಪಡೆದವರು ಶೇ 10ರಷ್ಟನ್ನು ಗಣಿಬಾಧಿತ ಜನರ ಹಿತಕ್ಕೆಂದೇ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟುತ್ತಾರೆ; ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಆದ್ಯತೆಯಿದ್ದರೂ ಭೌತಿಕ ಮೂಲಸೌಕರ್ಯಕ್ಕೂ ಅದರಲ್ಲಿ ಪಾಲುಂಟು. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿದ ಯೋಜನೆಯ ಮೊತ್ತ ಸುಮಾರು 25 ಸಾವಿರ ಕೋಟಿ ರೂಪಾಯಿ. ಇದೆಲ್ಲ ಇದೇ ಮಣ್ಣನ್ನು ಅಗೆದು ಬಂದ ಹಣ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳ ಜೊತೆಗೇ ಗ್ಯಾರೇಜು, ಪಂಕ್ಚರ್ ಅಂಗಡಿ, ರಸ್ತೆಬದಿಯ ಹೋಟೆಲುಗಳೂ ನಿಂತುಹೋದವು. ಕೋರ್ಟಿನ ಆದೇಶ ಸರಿಯೇ ಇತ್ತು, ಆಗಿನ ಅಕ್ರಮಕ್ಕೆ ಬೇರೆ ಮದ್ದಿರಲಿಲ್ಲ. ಆದರೆ ಅಗೆದು ಲಾರಿಗೆ ತುಂಬುವುದೊಂದನ್ನೇ ನಂಬಿದ ಊರುಗಳ ಪಾಡು ಏನಾಗುತ್ತದೆಂದು ಅಂದು ಕಣ್ಣಾರೆ ಕಂಡಿದ್ದರಿಂದಲೇ ನನ್ನಂಥವರು ಕೈಕಸುಬಿನ ಉದ್ಯಮಕ್ಕೆ ಇಳಿದದ್ದು. ಹೊರಗಿನ ಹೂಡಿಕೆದಾರ ಬಂದರೆ ಮೊದಲು ಮಾತಾಡಿಸುವುದು ಇಲ್ಲಿ ಆಗಲೇ ಹಣ ಹಾಕಿದವನನ್ನು. ತಮ್ಮ ಇಲಾಖೆಯ ಹೊಳೆಯುವ ಕಿರುಹೊತ್ತಿಗೆಯನ್ನಲ್ಲ. ಅವನಿಗೆ ನಾನು ಏನು ಹೇಳಲಿ?

ಆದ್ದರಿಂದ ರಸ್ತೆ, ನೀರು, ವಿದ್ಯುತ್ ಕೊಡದ ನಿವೇಶನಗಳಿಗೆ ನೀಡಿರುವ ರದ್ದತಿ ನೋಟಿಸುಗಳನ್ನು ಹಿಂಪಡೆಯಲು ತಾವು ಆದೇಶಿಸಬೇಕು. ಉತ್ಪಾದನೆ ಆರಂಭಿಸುವ ಅವಧಿಯನ್ನು ಹಂಚಿಕೆ ಪತ್ರದ ದಿನದಿಂದಲ್ಲ, ನಿವೇಶನಕ್ಕೆ ವಿದ್ಯುತ್ ತಲುಪಿದ ದಿನದಿಂದ ಎಣಿಸಬೇಕು. ಮುಂದಿನ ಸಮಾವೇಶಕ್ಕೆ ಮುಂಚೆ, ಬೇಸಿಗೆಯಲ್ಲಿ ಅಲ್ಲ, ಮಳೆ ಹಿಡಿದ ದಿನ, ತಾವೇ ಒಮ್ಮೆ ಸ್ಥಳಕ್ಕೆ ಬರಬೇಕು. ಟ್ರ್ಯಾಕ್ಟರಿನ ವ್ಯವಸ್ಥೆ ನಮ್ಮದು. ರಸ್ತೆ, ನೀರು, ವಿದ್ಯುತ್ತಿನ ವ್ಯವಸ್ಥೆ ತಮ್ಮದು.

ಇಂತಿ ತಮ್ಮ ವಿಶ್ವಾಸಿ,
ಬಳ್ಳಾರಿ ಜಿಲ್ಲೆಯ ಒಬ್ಬ ಸಣ್ಣ ಉದ್ಯಮಿ