ಆಗಿಹೋದದ್ದಕ್ಕೆ ಬೇಡಿಕೊಂಡರೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ತಲೆಯಲ್ಲೇ ಕೂತಿದೆ. "ಅಮ್ಮಾ, ಬಸ್ಸು ಪಲ್ಟಿಯಾಗಿದ್ದು ರಾತ್ರಿ ಎರಡೂವರೆಗೆ. ನೀನು ದೀಪ ಹಚ್ಚಿದ್ದು ಬೆಳಗ್ಗೆ ಆರಕ್ಕೆ. ಅಷ್ಟೊತ್ತಿಗೆ ಆಗೋದೆಲ್ಲ ಆಗಿಹೋಗಿತ್ತು ಅಲ್ವಾ? ದೇವರು ತಾನೇ ಏನು ಮಾಡ್ತಾನೆ?"

ಟೀವಿಯಲ್ಲಿ ಘಾಟಿಯ ಹೆಸರು ಕೇಳಿದಾಗ ನಿನ್ನ ದಾರಿಯೂ ಅದೇ ಅಂತ ಮಾತ್ರ ನನಗೆ ಗೊತ್ತಿತ್ತು. ಒಲೆ ಮೇಲೆ ಹಾಲು ಉಕ್ಕುತ್ತಿತ್ತು. ಮೂರು ಬೆಂಕಿಕಡ್ಡಿ ಮುರಿದವು, ನಾಲ್ಕನೆಯದಕ್ಕೆ ದೀಪ ಹತ್ತಿತು. "ನನ್ನ ಮಗು ಹತ್ತಿದ್ದು ಆ ಬಸ್ಸಲ್ಲದೇ ಇರಲಿ" ಅಂದೆ. ನೋಡು, 'ಹತ್ತಿದ್ದು' ಅನ್ನೋದು ನಿನ್ನೆಯ ಮಾತು, 'ಇರಲಿ' ಅನ್ನೋದು ಇವತ್ತಿನ ಬೇಡಿಕೆ. ಒಂದೇ ಉಸಿರಿನಲ್ಲಿ ಎರಡನ್ನೂ ಸೇರಿಸಿಬಿಟ್ಟಿದ್ದೆ.

ಇದು ಹಳೆಯ ಪ್ರಶ್ನೆ ಪುಟ್ಟಿ. ಯೆಹೂದಿಗಳ ಮಿಶ್ನಾ ಎಂಬ ಹಳೆಯ ಧರ್ಮಗ್ರಂಥದಲ್ಲಿ ಒಬ್ಬ ಊರಿಗೆ ಬರುತ್ತಿರುತ್ತಾನೆ. ಊರೊಳಗಿಂದ ಚೀರಾಟ ಕೇಳಿಸುತ್ತದೆ. 'ಇದು ನನ್ನ ಮನೆಯದ್ದಾಗದಿರಲಿ' ಅಂತ ಬೇಡಿದರೆ ಅದು ವ್ಯರ್ಥ ಪ್ರಾರ್ಥನೆ ಅಂತ ಅಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದೆ. ಓದಿ ನನಗೆ ನೋವಾಯಿತು.

1964ರಲ್ಲಿ ಇಂಗ್ಲೆಂಡಿನ ಮೈಕಲ್ ಡಮೆಟ್ ಎಂಬ ತತ್ತ್ವಜ್ಞಾನಿ ಇದನ್ನು ಮತ್ತೆ ಕೈಗೆತ್ತಿಕೊಂಡರು. ಎರಡು ಗಂಟೆ ಹಿಂದೆ ಹಡಗು ಮುಳುಗಿತು ಅಂತ ರೇಡಿಯೋದಲ್ಲಿ ಸುದ್ದಿ. ಮಗ ಅದರಲ್ಲಿದ್ದ. ಅಪ್ಪ ಕೂಡಲೇ ಬೇಡಿಕೊಳ್ಳುತ್ತಾನೆ. ಆದದ್ದನ್ನು ಅಳಿಸಿಹಾಕು ಅಂತ ಅಲ್ಲ, ಆಗಲೇ ಕಾಪಾಡಿರು ಅಂತ. ಈ ಬೇಡಿಕೆ ಬರುತ್ತದೆ ಅಂತ ದೇವರಿಗೆ ಮೊದಲೇ ಗೊತ್ತಿರುತ್ತದಲ್ಲ!

ಸುಮಾರು 1,500 ವರ್ಷ ಹಿಂದೆ, ಸಾವಿಗೆ ಕಾಯುತ್ತಾ ಸೆರೆಯಲ್ಲಿದ್ದ ರೋಮಿನ ತತ್ತ್ವಜ್ಞಾನಿ ಬೋಯಿಥಿಯಸ್ ಕೇಳಿದ್ದರೆ 'ಮೊದಲೇ' ಅನ್ನುವ ಮಾತೂ ಬೇಡ ಅನ್ನುತ್ತಿದ್ದ. ಅವನ ಪ್ರಕಾರ ದೇವರಿಗೆ ಹಿಂದು ಮುಂದು ಇಲ್ಲ, ಎಲ್ಲವೂ ಒಟ್ಟಿಗೇ ಎದುರಿಗಿದೆ. ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡೆ. ತೇರಬೀದಿಯಲ್ಲಿ ನಿಂತವರಿಗೆ ಮುಂದೆ ಹಾದುಹೋಗುವುದಷ್ಟೇ ಕಾಣುತ್ತದೆ. ಮಾಳಿಗೆ ಮೇಲೆ ನಿಂತವರಿಗೆ ಬೀದಿಯ ಈ ತುದಿ ಆ ತುದಿ ಎರಡೂ ಕಾಣುತ್ತವೆ. ನಿನ್ನ ಎರಡೂವರೆ, ನನ್ನ ಆರು ಗಂಟೆ ದೇವರಿಗೆ ಅಕ್ಕಪಕ್ಕದ ಮನೆಗಳಿದ್ದ ಹಾಗೆ.

ಅದರಿಂದ ನನಗೆ ಸಮಾಧಾನವಾಯಿತು. ಆದರೆ ಒಂದು ತೊಡಕು ಬಿಡಿಸಲಾಗುತ್ತಿಲ್ಲ. ಮಗ ಮುಳುಗಿದ ಅಂತ ಗೊತ್ತಾದ ಮೇಲೆ ಆ ಅಪ್ಪ ಬೇಡುವುದಿಲ್ಲ, ಅಲ್ವಾ? ದೇವರಿಗೆ ಎಲ್ಲ ಕಾಲವೂ ಒಂದೇ ಆದರೆ, ನನಗೆ ಗೊತ್ತಾಯಿತೋ ಇಲ್ಲವೋ ಅನ್ನುವುದರಿಂದ ಅವನಿಗೆ ಏನಾಗಬೇಕು? ಆದರೂ ಗೊತ್ತಾದ ಕ್ಷಣ ನಾಲಿಗೆ ನಿಂತುಬಿಡುತ್ತದೆ.

ಆರೂಮುಕ್ಕಾಲಿಗೆ 'ತಲುಪಿದೆ ಅಮ್ಮಾ' ಅಂತ ನಿನ್ನ ಮೆಸೇಜ್ ಬಂತು. ಅತ್ತುಬಿಟ್ಟೆ. ಆಮೇಲೆ ಆ ಇನ್ನೊಂದು ಬಸ್ಸು ನೆನಪಾಯಿತು. ಅದರಲ್ಲಿದ್ದವರ ಮನೆಗಳಲ್ಲೂ ಯಾರೋ ದೀಪ ಹಚ್ಚಿರುತ್ತಾರೆ. ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿ ಅವರಿಗೋಸ್ಕರ ಬೇಡುತ್ತಾ ಕೂತೆ, ಟೀವಿಯಲ್ಲಿ ಹೆಸರುಗಳು ಬರುವವರೆಗೂ.

ನಿನ್ನ,
ಅಮ್ಮ