ಕುಮಟಾದಿಂದ ಗೋಕರ್ಣಕ್ಕೆ ನಡೆದೇ ಬಾ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. ಡಿಸೆಂಬರ್‌ನಲ್ಲಿ ರಜೆ ಸಿಕ್ಕಿದೆ, ಕಾರು ತೆಗೆದುಕೊಂಡು ಬರುತ್ತೇನೆ, ಗೋಕರ್ಣದ ಬೀಚುಗಳನ್ನೆಲ್ಲ ಒಂದೇ ದಿನದಲ್ಲಿ ನೋಡಿ ಮುಗಿಸೋಣ ಅಂದಿದ್ದೀಯ. ಒಂದು ಮಾತು ಕೇಳುತ್ತೀಯಾ? ಕಾರು ಮನೆಯಲ್ಲೇ ಇರಲಿ. ರಾತ್ರಿ ಬೆಂಗಳೂರಿನಲ್ಲಿ ಪಂಚಗಂಗಾ ರೈಲು ಹತ್ತು, ಬೆಳಿಗ್ಗೆ ಕುಮಟಾದಲ್ಲಿ ಇಳಿ. ಅಲ್ಲಿಂದ ಗೋಕರ್ಣದ ತನಕ ಕಡಲ ಅಂಚಿನಲ್ಲೇ ನಡೆಯೋಣ. ನಿಧಾನಕ್ಕೆ ನಡೆದರೂ ಎರಡು ದಿನ ಸಾಕು.

ಕಾರಿನಲ್ಲಿ ಹೋದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಹೆದ್ದಾರಿಯಿಂದ ಒಂದು ಬೀಚಿಗೆ ಇಳಿಯುವುದು, ಫೋಟೊ ತೆಗೆಯುವುದು, ವಾಪಸ್ ಹತ್ತುವುದು, ಇನ್ನೊಂದಕ್ಕೆ ಇಳಿಯುವುದು. ಪ್ರತಿಯೊಂದು ಬೀಚೂ ಬೇರೆ ಬೇರೆ ಜಾಗ ಅನ್ನಿಸಿಬಿಡುತ್ತದೆ. ನಡೆದಾಗ ಹಾಗಲ್ಲ. ಮರಳು ಮುಗಿಯುವ ಕಡೆ ಗುಡ್ಡ ಶುರುವಾಗುತ್ತದೆ, ಗುಡ್ಡ ಇಳಿದರೆ ಮತ್ತೆ ಮರಳು. ಈ ಕರಾವಳಿಯ ಜೀವ ಇರುವುದು ಆ ನಡುವಿನ ಗುಡ್ಡಗಳಲ್ಲಿ ಅಂತ ನನ್ನ ನಂಬಿಕೆ. ಬೀಚು ಎಲ್ಲ ಕಡೆ ಸಿಗುತ್ತದೆ. ಇಂಥ ಗುಡ್ಡ ಸಿಗುವುದಿಲ್ಲ.

ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದ. ಉಡುಪಿ, ಮಂಗಳೂರಿನ ಕಡೆ ಘಟ್ಟ ಸ್ವಲ್ಪ ದೂರದಲ್ಲೇ ನಿಂತುಬಿಡುತ್ತದೆ. ಹಾಗಾಗಿ ಅಲ್ಲಿ ಉದ್ದಕ್ಕೆ ನೇರ ಮರಳು ದಂಡೆ. ನಮ್ಮ ಉತ್ತರ ಕನ್ನಡದಲ್ಲಿ ಘಟ್ಟ ಕಡಲಿಗೆ ತುಂಬ ಹತ್ತಿರ. ಅದರ ಕವಲುಗಳು ನೀರಿನ ತನಕ ಬಂದು ಕಡಿದಾಗಿ ನಿಲ್ಲುತ್ತವೆ. ಅಲೆಗಳ ಜೋರೆಲ್ಲ ಮುಂದೆ ಚಾಚಿದ ಆ ಮೂತಿಗಳ ಮೇಲೇ ಬೀಳುತ್ತದೆ. ಎರಡು ಗುಡ್ಡಗಳ ನಡುವೆ ಒಳಗೆ ಬಂದ ನೀರಿಗೆ ಅಷ್ಟು ಜೋರಿಲ್ಲ, ಅದು ತಂದ ಮರಳನ್ನು ಅಲ್ಲೇ ಬಿಡುತ್ತದೆ. ಗೋಕರ್ಣದ ಓಂ, ಕುಡ್ಲೆ, ಹಾಫ್‌ಮೂನ್ ಬೀಚುಗಳೆಲ್ಲ ಅರ್ಧಚಂದ್ರದ ಹಾಗೆ ಬಾಗಿರುವುದಕ್ಕೆ ಇದೇ ಕಾರಣ.

ಶುರು ಮಾಡುವುದು ಕುಮಟಾದ ಹೆಡ್ ಬಂದರಿನ ಕಡೆಯಿಂದ. ಗುಡ್ಡ ದಾಟಿದರೆ ವನ್ನಳ್ಳಿ. ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಜಡೆ ಹೆಣೆದು ತೂಗುಹಾಕಿ ಮಾರುತ್ತಾರಲ್ಲ, ಆ ಸಿಹಿ ಈರುಳ್ಳಿ ಬೆಳೆಯುವುದು ಇಲ್ಲಿನ ಮತ್ತು ಅಕ್ಕಪಕ್ಕದ ಊರುಗಳ ಗದ್ದೆಗಳಲ್ಲೇ. ಮುಂದೆ ಕಡ್ಲೆ, ಬಾಡ, ಕಾಗಾಲ. ಕಡ್ಲೆ ಬೇರೆ, ಗೋಕರ್ಣದ ಕುಡ್ಲೆ ಬೇರೆ. ಫೋನಿನಲ್ಲಿ ಹುಡುಕುವಾಗ ನೋಡಿಕೊಂಡು ಹುಡುಕು.

ಗುಡ್ಡದ ಮೇಲಿನ ದಾರಿ ಯಾರೋ ಟ್ರೆಕ್ಕಿಂಗ್‌ಗೆ ಅಂತ ಮಾಡಿದ್ದಲ್ಲ. ಬಲೆ ಹೊತ್ತವರು, ಮೀನಿನ ಬುಟ್ಟಿ ಹೊತ್ತ ಹೆಂಗಸರು, ದನ ಮೇಯಿಸುವವರು ನಡೆದೂ ನಡೆದೂ ಆದ ಕಾಲುದಾರಿ. ಎರಡೂ ಕಡೆ ಕರಿ ಚಿರೆಕಲ್ಲು, ಅದರ ಸಂದಿಯಲ್ಲಿ ಮಳೆಗಾಲದ ಹುಲ್ಲು. ಡಿಸೆಂಬರ್ ಹೊತ್ತಿಗೆ ಆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಅಂಚಿಗೆ ಬಂದು ಕೆಳಗೆ ನೋಡಿದರೆ ನೀರು ಹಸಿರು. ಮರಳಿನ ಮೇಲೆ ನಿಂತವನಿಗೆ ಆ ಬಣ್ಣ ಕಾಣುವುದಿಲ್ಲ, ಎತ್ತರಕ್ಕೇ ಹತ್ತಬೇಕು.

ಒಂದು ಕಡೆ ಕುಳಿತು ಆ ಚಿರೆಕಲ್ಲನ್ನು ಮುಟ್ಟಿ ನೋಡು ಮಾರಾಯಾ. ಮೈಯೆಲ್ಲ ತೂತು. ಬೆರಳು ಹೋಗುವಷ್ಟು ದೊಡ್ಡವು ಕೆಲವು. ಒಳಗೆ ಹಳದಿ ಮಣ್ಣು, ಹೊರಗೆ ಕಬ್ಬಿಣದ ಹಾಗೆ ಗಟ್ಟಿಯಾದ ಕಪ್ಪು ಗೋಡೆ. ಕಬ್ಬಿಣದ ಹಾಗೆ ಏನು, ಅದು ಕಬ್ಬಿಣವೇ. ಲಕ್ಷಗಟ್ಟಲೆ ವರ್ಷ ಸುರಿದ ಮಳೆ ಕಲ್ಲಿನಲ್ಲಿ ಕರಗುವುದನ್ನೆಲ್ಲ ತೊಳೆದುಕೊಂಡು ಹೋಗಿದೆ. ಕರಗದ ಕಬ್ಬಿಣ, ಅಲ್ಯೂಮಿನಿಯಂ ಉಳಿದಿವೆ. ನೆಲದೊಳಗೆ ಇರುವಾಗ ಕೊಡಲಿಗೆ ಕಡಿಯುವಷ್ಟು ಮೆದು, ಗಾಳಿಗೆ ತೆರೆದ ಮೇಲೆ ಒಣಗಿ ಗಟ್ಟಿಯಾಗುತ್ತದೆ. ಅದಕ್ಕೇ ಇಲ್ಲಿ ಮನೆ ಕಟ್ಟುವುದಕ್ಕೆ ಇದೇ ಕಲ್ಲು. ಕಡಲಂಚಿನಲ್ಲಿ ಮಾತ್ರ ಈ ಗುಣವೇ ತೊಂದರೆ. ಮೇಲಿನ ಪದರ ಗಟ್ಟಿ, ಕೆಳಗಿನ ಜೇಡಿ ಮೆದು. ಅಲೆ ಬುಡವನ್ನು ತಿನ್ನುತ್ತಾ ಹೋಗುತ್ತದೆ, ಒಂದು ದಿನ ಮೇಲಿನ ಕಲ್ಲು ಮಂಚದಷ್ಟು ದೊಡ್ಡ ತುಂಡಾಗಿ ಬೀಳುತ್ತದೆ. ಅಂಚಿನ ತೀರ ತುದಿಗೆ ಹೋಗಿ ನಿಲ್ಲಬೇಡ ಅಂತ ನಾನು ಗೋಗರೆಯುವುದು ಇದಕ್ಕೇ. ನಿನ್ನ ಕಾಲ ಕೆಳಗೆ ಕಲ್ಲಿದೆ ಅನ್ನಿಸುತ್ತದೆ, ಆ ಕಲ್ಲಿನ ಕೆಳಗೆ ಏನೂ ಇಲ್ಲದೇ ಇರಬಹುದು.

ಕಡಲ ಹೊತ್ತು ನೋಡಿಕೊಂಡು ಹೊರಡುವುದೂ ಅಷ್ಟೇ ಮುಖ್ಯ. ಭರತ ಇಳಿತ ದಿನಕ್ಕೆ ಎರಡೆರಡು ಸಲ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಏರಿಳಿತ ಕಡಿಮೆ. ಹಾಗಾಗಿ ರಜೆ ಬರೆಯುವ ಮೊದಲು ಪಂಚಾಂಗ ತೆಗೆದು ನೋಡು. ನೀರು ಇಳಿಯುತ್ತಿರುವಾಗ ಹೊರಟರೆ ಕೆಲವು ಬಂಡೆಗಳ ಬುಡದಲ್ಲೇ ನಡೆದು ದಾಟಬಹುದು. ಏರುತ್ತಿರುವಾಗ ಆ ಆಸೆ ಬೇಡ, ಮೇಲಿನ ದಾರಿಯೇ ಗತಿ. ಹತ್ತು ನಿಮಿಷದ ಹಿಂದೆ ಪಾದ ಮುಳುಗುವಷ್ಟಿದ್ದ ನೀರು ಒಂದು ದೊಡ್ಡ ಅಲೆ ಬಂದರೆ ಸೊಂಟಕ್ಕೆ ಬರುತ್ತದೆ. ಪಾಚಿ ಕಟ್ಟಿದ ಬಂಡೆಯ ಮೇಲೆ ಆಗ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಇಳಿತದ ಹೊತ್ತಿಗೆ ಬಾಡದಿಂದ ಕಾಗಾಲದ ತನಕ ನಡೆಯುವುದೆಂದರೆ ನನಗೆ ಹಬ್ಬ. ಉದ್ದನೆಯ ದಂಡೆ, ಹಿಂದೆ ಗಾಳಿಮರ, ಮರಳಿನ ಮೇಲೆ ಹಬ್ಬಿದ ಬಂಗಡೆ ಬಳ್ಳಿ, ಅದರ ನೇರಳೆ ಹೂವು. ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಮರಳಿನ ಗೋಲಿಗಳು ಸಾವಿರಗಟ್ಟಲೆ ಬಿದ್ದಿರುತ್ತವೆ. ನಡುವೆ ಒಂದು ಸಣ್ಣ ತೂತು, ಅದರ ಸುತ್ತ ಕಿರಣಗಳ ಹಾಗೆ ಸಾಲು ಸಾಲು. ಅಲ್ಲಾಡದೆ ಕುಕ್ಕುರುಗಾಲಲ್ಲಿ ಕುಳಿತುಕೋ. ಸ್ವಲ್ಪ ಹೊತ್ತಿಗೆ ಉಗುರಿನಷ್ಟಿರುವ ಏಡಿ ಹೊರಗೆ ಬರುತ್ತದೆ. ಎರಡೂ ಚಿಮಟಿಗೆಯಿಂದ ಮರಳು ಬಾಚಿ ಬಾಯಿಗೆ ಹಾಕಿಕೊಳ್ಳುತ್ತದೆ, ಅದಕ್ಕಂಟಿದ ತಿನ್ನುವ ಪಸೆಯನ್ನಷ್ಟೇ ಸೋಸಿಕೊಂಡು ಉಳಿದಿದ್ದನ್ನು ಉಂಡೆ ಕಟ್ಟಿ ಹಿಂದಕ್ಕೆ ತಳ್ಳುತ್ತದೆ. ಒಂದು ಹೆಜ್ಜೆ ಮುಂದೆ, ಮತ್ತೊಂದು ಉಂಡೆ. ನಿನ್ನ ನೆರಳು ಬಿದ್ದರೆ ಸರಕ್ಕನೆ ತೂತಿನೊಳಗೆ. ಭರತ ಬಂದಾಗ ಎಲ್ಲ ಅಳಿಸಿಹೋಗುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಮೊದಲಿನಿಂದ. ನನಗೆ ಇದನ್ನು ನೋಡಿ ಸಾಕು ಅನ್ನಿಸಿದ್ದೇ ಇಲ್ಲ.

ಕಾಗಾಲದ ಮುಂದೆ ಅಘನಾಶಿನಿ. ಊರಿನ ಹೆಸರೂ ಅದೇ, ನದಿಯ ಹೆಸರೂ ಅದೇ. ಗೋಕರ್ಣದ ಬೀಚುಗಳನ್ನಷ್ಟೇ ಸುತ್ತಿ ಹೋಗುವವರಿಗೆ ಈ ನದಿಮುಖ ಸಿಗುವುದೇ ಇಲ್ಲ. ನೀನು ಕುಮಟಾದಿಂದಲೇ ಹೊರಡಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕಾಗಿ.

ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಘಟ್ಟ ಇಳಿದು ಬರುವ ನದಿ ಇದು. ಇದಕ್ಕೆ ಅಡ್ಡವಾಗಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಅಕ್ಕಪಕ್ಕದ ಕಾಳಿಯನ್ನು ನೋಡು, ಶರಾವತಿಯನ್ನು ನೋಡು, ಆಗ ಇದರ ಬೆಲೆ ಗೊತ್ತಾಗುತ್ತದೆ. ಸಿಹಿನೀರು ತನ್ನ ಹೊತ್ತಿಗೆ ಬರುತ್ತದೆ, ಉಪ್ಪುನೀರು ತನ್ನ ಹೊತ್ತಿಗೆ ಒಳಗೆ ಹೋಗುತ್ತದೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಸಿಗಡಿ, ಏಡಿ, ಬಳಚು ಅನ್ನುವ ಚಿಪ್ಪುಮೀನು ಎಲ್ಲಕ್ಕೂ ಆಧಾರ ಈ ಲೆಕ್ಕವೇ. ಇಳಿತದ ಹೊತ್ತಿಗೆ ನದಿಯ ನಡುವೆಯೇ ಜನ ನಿಂತಿರುವುದನ್ನು ನೀನು ನೋಡಬೇಕು. ಎದೆಮಟ್ಟ ನೀರು, ಪಕ್ಕದಲ್ಲಿ ಕಟ್ಟಿಕೊಂಡ ಸಣ್ಣ ಪಾತಿದೋಣಿ. ಕಾಲಿನಲ್ಲೇ ಕೆಸರು ತಡಕಿ ಬಳಚು ಎಲ್ಲಿದೆ ಅಂತ ಕಂಡುಹಿಡಿಯುತ್ತಾರೆ, ಮುಳುಗಿ ಎತ್ತಿ ದೋಣಿಗೆ ಹಾಕುತ್ತಾರೆ. ಚಿಪ್ಪು ಚಿಪ್ಪಿಗೆ ತಾಗುವ ಸದ್ದು ದಡದ ತನಕ ಕೇಳುತ್ತದೆ.

ಸ್ವಲ್ಪ ಒಳಗೆ ಮಾಣಿಕಟ್ಟಾದ ಗಜನಿ ಭೂಮಿ, ಅಂದರೆ ಉಪ್ಪುನೀರು ಬಂದು ಹೋಗುವ ತಗ್ಗು ಗದ್ದೆ. ಅಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಎತ್ತರದ ತಳಿ. ಆಚೆ ದಡದಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ. ಒಂದೇ ನೀರಿನ ಮೇಲೆ ಮೀನು, ಭತ್ತ, ಉಪ್ಪು ಮೂರೂ ನಡೆಯುವ ಜಾಗ ಎಷ್ಟಿದ್ದಾವು ಹೇಳು? ಇದೇ ನದಿಯ ಆಚೆ ದಡದ ತದಡಿಯಲ್ಲಿ 4000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪ ಬಂದಿತ್ತು. ಊರವರು ಗಟ್ಟಿಯಾಗಿ ನಿಂತರು, ಅದು ಬರಲಿಲ್ಲ. 2024ರಲ್ಲಿ ಇಲ್ಲಿನ 4801 ಹೆಕ್ಟೇರ್ ಅಳಿವೆ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಸುದ್ದಿ ಕೇಳಿದ ದಿನ ನಿನಗೆ ಫೋನ್ ಮಾಡಿ ಕಿರುಚಿದ್ದು ನೆನಪಿದೆಯಾ? ಯಾಕೆ ಅಂತ ನೀನು ಇಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ಅಘನಾಶಿನಿಯಿಂದ ತದಡಿಗೆ ದೋಣಿಯಲ್ಲಿ ದಾಟಬೇಕು. ಶಾಲೆ ಮಕ್ಕಳು, ಮೀನಿನ ಬುಟ್ಟಿ, ಮೋಟಾರ್ ಬೈಕು ಎಲ್ಲ ಒಂದೇ ದೋಣಿಯಲ್ಲಿ. ದೋಣಿ ನಡುನೀರಿಗೆ ಬಂದಾಗ ಎಡಕ್ಕೆ ತಿರುಗಿ ಕಡಲ ಕಡೆ ನೋಡು. ಎರಡೂ ಗುಡ್ಡಗಳ ಮೂತಿ ಒಟ್ಟಿಗೆ ಕಾಣುವುದು ಅಲ್ಲಿಂದ ಮಾತ್ರ.

ತದಡಿ ಮೀನುಗಾರಿಕೆ ಬಂದರು. ವಾಸನೆಗೆ ಮೂಗು ಮುಚ್ಚಿಕೊಳ್ಳಬೇಡ, ಅದು ಅಲ್ಲಿನವರ ಅನ್ನ. ಬಂದರು ದಾಟಿ ಗುಡ್ಡದ ಬದಿಗೆ ಹೋದರೆ ಬೆಲೇಕಾನ, ಆಮೇಲೆ ಪ್ಯಾರಡೈಸ್, ಹಾಫ್‌ಮೂನ್, ಓಂ. ಇವು ನಿನಗೆ ಹೆಸರು ಗೊತ್ತಿರುವ ಜಾಗಗಳು, ಹೆಚ್ಚು ಬರೆಯುವುದಿಲ್ಲ. ಪ್ಯಾರಡೈಸ್‌ನಿಂದ ಹಾಫ್‌ಮೂನ್‌ಗೆ ಹೋಗುವಾಗ ದೊಡ್ಡ ಬಂಡೆಗಳನ್ನು ಹತ್ತಿ ಇಳಿಯಬೇಕು, ಎರಡೂ ಕೈ ಖಾಲಿ ಇರಲಿ. ಹಾಫ್‌ಮೂನ್‌ನಿಂದ ಓಂ ಕಡೆಗೆ ಹೋಗುವ ದಾರಿ ನನಗೆ ಇಡೀ ನಡಿಗೆಯಲ್ಲೇ ಬಹಳ ಇಷ್ಟದ್ದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೇರ ಕಡಲು, ನಡುವೆ ಒಬ್ಬರು ನಡೆಯುವಷ್ಟು ಜಾಗ. ಅಲ್ಲಿ ಒಮ್ಮೆ ಬಿಳಿ ಹೊಟ್ಟೆಯ ಕಡಲ ಹದ್ದು ನನ್ನ ಕಣ್ಣಿನ ಮಟ್ಟದಲ್ಲೇ ತೇಲಿಕೊಂಡು ಹೋಯಿತು. ರೆಕ್ಕೆ ಒಂದು ಸಲವೂ ಬಡಿಯಲಿಲ್ಲ. ಕಡಲ ಗಾಳಿ ಗುಡ್ಡಕ್ಕೆ ತಾಗಿ ಮೇಲೆ ಏಳುತ್ತದಲ್ಲ, ಅದರ ಮೇಲೇ ಕುಳಿತಿತ್ತು.

ಈ ದಾರಿಯಲ್ಲೇ ಬೇಜಾರಾಗುವ ವಿಷಯವೂ ಇದೆ. ಬಂಡೆಗಳ ಸಂದಿ ತುಂಬ ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ. ಕಡಲು ತಂದು ಹಾಕಿದ್ದು ಸ್ವಲ್ಪ, ಬಂದವರು ಬಿಟ್ಟು ಹೋಗಿದ್ದೇ ಜಾಸ್ತಿ. ಇನ್ನೂ ಹೆಚ್ಚು ಕಳವಳ ನನಗೆ ಬೇಲಿಗಳದ್ದು. ತಲೆಮಾರುಗಳಿಂದ ಜನ ನಡೆದ ಕಾಲುದಾರಿಗೆ ಅಡ್ಡವಾಗಿ ತಂತಿ ಎಳೆದಿರುವುದನ್ನು ನೋಡಿದ್ದೇನೆ. ಮೀನಿನ ಬುಟ್ಟಿ ಹೊತ್ತ ಹೆಂಗಸು ಸುತ್ತು ಹಾಕಿ ಹೋಗಬೇಕು, ಯಾಕೆಂದರೆ ಯಾರದೋ ಕೋಣೆಯಿಂದ ಕಡಲು ಚೆನ್ನಾಗಿ ಕಾಣಬೇಕು! ಕಾಲುದಾರಿ ಉಳಿಯುವುದು ಕಾಲು ಬಿದ್ದರೆ ಮಾತ್ರ. ನಡೆಯುವವರು ಕಡಿಮೆಯಾದರೆ ಎರಡು ಮಳೆಗಾಲದಲ್ಲಿ ಪೊದೆ ಮುಚ್ಚುತ್ತದೆ, ಆಮೇಲೆ ಇಲ್ಲಿ ದಾರಿಯೇ ಇರಲಿಲ್ಲ ಅನ್ನುವುದು ಸುಲಭ. ನಿನ್ನಂಥವರು ಬಂದು ನಡೆಯಲಿ ಅಂತ ನಾನು ಆಸೆಪಡುವುದರಲ್ಲಿ ಇದೂ ಒಂದು ಪಾಲು.

ಓಂ ದಾಟಿ ಕುಡ್ಲೆ, ಕುಡ್ಲೆಯ ಬದಿಯ ಗುಡ್ಡ ಹತ್ತಿದರೆ ಬೋಳು ಬಯಲು, ಅದರಾಚೆ ಇಳಿದರೆ ರಾಮತೀರ್ಥ. ಕಡಲು ಅಷ್ಟು ಹತ್ತಿರ ಇದ್ದರೂ ಅಲ್ಲಿ ಹರಿಯುವುದು ಸಿಹಿನೀರು. ತೂತು ತೂತಿನ ಚಿರೆಕಲ್ಲು ಅಂದೆನಲ್ಲ, ಮಳೆಗಾಲದಲ್ಲಿ ಆ ಗುಡ್ಡ ಕುಡಿದ ನೀರೇ ಬುಡದಲ್ಲಿ ಒಸರಿ ಬರುವುದು. ಎರಡು ದಿನದ ಉಪ್ಪು ಅಂಟಿದ ಮೈಗೆ ಆ ನೀರು ಬಿದ್ದಾಗ ಆಗುವ ಸುಖ ಬರೆದು ತಿಳಿಸಲಾಗದು. ಕೆಳಗೆ ಇಳಿದರೆ ಗೋಕರ್ಣದ ದಂಡೆ, ರಥಬೀದಿ, ಮಹಾಬಲೇಶ್ವರ. ಪೇಟೆಯಲ್ಲಿ ಇಲ್ಲಿನ ಹಾಲಕ್ಕಿ ಒಕ್ಕಲು ಸಮುದಾಯದ ಹೆಂಗಸರು ಸೊಪ್ಪು ತರಕಾರಿ ಹರಡಿಕೊಂಡು ಕುಳಿತಿರುತ್ತಾರೆ. ಅವರ ಹತ್ತಿರ ಹರಿವೆ ಸೊಪ್ಪು ಕೊಳ್ಳದೆ ನಾನು ಮನೆಗೆ ಬರುವುದಿಲ್ಲ.

ತರಬೇಕಾದ್ದು ಜಾಸ್ತಿ ಏನಿಲ್ಲ. ಹಿಡಿತ ಇರುವ ಬೂಟು, ಟೋಪಿ, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಹಿಡಿಯುವ ಬಾಟಲಿ, ಕಸ ತುಂಬಿಕೊಂಡು ಬರಲು ಒಂದು ಚೀಲ. ಗುಡ್ಡದ ಮೇಲೆ ನೆರಳಿಲ್ಲ, ಹನ್ನೊಂದು ಗಂಟೆಗೆಲ್ಲ ಚಿರೆಕಲ್ಲು ಕಾದಿರುತ್ತದೆ. ಹಾಗಾಗಿ ಬೆಳಕು ಹರಿಯುವಾಗಲೇ ಹೊರಡೋಣ, ಮಧ್ಯಾಹ್ನ ಯಾವುದಾದರೂ ಊರಿನಲ್ಲಿ ಗಂಜಿ ಊಟ ಮಾಡಿ ಮಲಗೋಣ. ಈಜುವ ಆಸೆ ಇದ್ದರೆ ಕುಡ್ಲೆಯಲ್ಲಿ, ಅದೂ ಕಾವಲಿನವರನ್ನು ಕೇಳಿಕೊಂಡು. ಬಂಡೆಗಳ ಹತ್ತಿರ ನೀರಿಗೆ ಇಳಿಯುವ ಮಾತೇ ಬೇಡ.

ಮಗಳು ತಾನೂ ಬರುತ್ತೇನೆ ಅಂತ ಹಟ ಮಾಡುತ್ತಿದ್ದಾಳೆ ಅಂದೆಯಲ್ಲ, ಕರೆದುಕೊಂಡೇ ಬಾ. ಮೊದಲ ದಿನ ಅವಳಿಗೆ ಉದ್ದವಾದರೆ ಬಾಡದ ತನಕ ರಿಕ್ಷಾದಲ್ಲಿ ಬಂದು ಅಲ್ಲಿಂದ ನಮ್ಮ ಜೊತೆ ಸೇರಿಕೊಳ್ಳಲಿ. ಏಡಿ ನೋಡುವುದು, ದೋಣಿ ದಾಟುವುದು ಎರಡೂ ಅವಳಿಗೆ ಸಿಗುತ್ತದೆ. ತಾರೀಖು ಯಾವುದು ಅಂತ ಈ ವಾರವೇ ತಿಳಿಸು, ಆ ದಿನ ಇಳಿತ ಎಷ್ಟು ಹೊತ್ತಿಗೆ ಅಂತ ವಿಚಾರಿಸಿ ಇಟ್ಟಿರುತ್ತೇನೆ.

ನಿನ್ನ ದಾರಿ ಕಾಯುತ್ತಾ,
ನಿನ್ನ ಗೆಳೆಯ