ಗಂಡು ಮಂಗಕ್ಕೆ ಚುಚ್ಚಿದರೆ ಮರಿ ಕಡಿಮೆಯಾಗದು

ಮಾನ್ಯ ಸಂಪಾದಕರೇ,

ಮಲೆನಾಡಿನ ಯಾವ ಗ್ರಾಮಸಭೆಯೂ ಮಂಗನ ಕಾಟದ ಮಾತಿಲ್ಲದೆ ಮುಗಿಯುವುದಿಲ್ಲ. ಎಳೆ ಅಡಿಕೆ, ಬಾಳೆಗೊನೆ, ಏಲಕ್ಕಿ, ಬೊಂಡ ಯಾವುದನ್ನೂ ಬಿಡದ ಹಿಂಡುಗಳಿಂದ ಬೇಸತ್ತ ಬೆಳೆಗಾರರು ಈಚೆಗೆ ಹೊಸ ಬೇಡಿಕೆಯೊಂದನ್ನು ಇಡುತ್ತಿದ್ದಾರೆ: ‘ಗಂಡು ಮಂಗಕ್ಕೆ ಸಂತಾನ ನಿಲ್ಲಿಸುವ ಚುಚ್ಚುಮದ್ದು ಬಂದಿದೆಯಂತೆ, ಅದನ್ನು ಹಾಕಿಸಿ.’ ಅವರ ಸಂಕಟ ನಿಜ. ಆದರೆ ಆ ಮದ್ದು ಯಾವುದು, ನಮ್ಮ ಮಂಗಗಳ ಹಿಂಡಿನಲ್ಲಿ ಅದು ಯಾಕೆ ಫಲ ಕೊಡದು, ಅದೇ ದುಡ್ಡನ್ನು ಎಲ್ಲಿ ಹಾಕಿದರೆ ಮರಿ ಕಡಿಮೆಯಾದೀತು ಎಂಬುದನ್ನು ಬಿಡಿಸಿ ಹೇಳಬೇಕಾಗಿದೆ.

ಈ ಸಂಶೋಧನೆ ಎಲ್ಲೋ ದೂರದ್ದಲ್ಲ. ನಮ್ಮ ತೋಟಕ್ಕೆ ನುಗ್ಗುವ ಇದೇ ಜಾತಿಯ ಮಂಗ, ಅಂದರೆ ಬಾನೆಟ್ ಮಕಾಕ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಂಡು ಸಂತಾನನಿರೋಧಕದ ಪ್ರಯೋಗಗಳಿಗೆ ಬಳಕೆಯಾದ ಪ್ರಾಣಿ. ಎನ್.ಆರ್. ಮೌದ್ಗಲ್ ಮತ್ತು ಸಂಗಡಿಗರು ವೀರ್ಯಾಣು ಉತ್ಪತ್ತಿಗೆ ನೆರವಾಗುವ ಎಫ್‌ಎಸ್‌ಎಚ್ ಹಾರ್ಮೋನಿನ ವಿರುದ್ಧ ಪ್ರತಿಕಾಯ ಹುಟ್ಟಿಸಿ ಗಂಡು ಮಂಗಗಳ ಫಲವಂತಿಕೆ ಕುಗ್ಗುವುದನ್ನು ತೋರಿಸಿದರು. 2004ರಲ್ಲಿ ಅಮೆರಿಕದ ಮೈಕೆಲ್ ಓ'ರ್‍ಯಾಂಡ್ ಅವರ ತಂಡ ಈ ಸಂಸ್ಥೆಯ ವಿಜ್ಞಾನಿಗಳ ಜತೆ ಸೇರಿ, ವೀರ್ಯಾಣುವಿನ ಮೇಲಿರುವ ಎಪಿನ್ ಎಂಬ ಪ್ರೋಟೀನಿನ ವಿರುದ್ಧ ಲಸಿಕೆ ಕೊಟ್ಟ ಫಲಿತಾಂಶ ಪ್ರಕಟಿಸಿತು. ಒಂಬತ್ತು ಗಂಡುಗಳಲ್ಲಿ ಏಳರಲ್ಲಿ ಪ್ರತಿಕಾಯದ ಮಟ್ಟ ಸಾಕಷ್ಟು ಏರಿತು, ಆ ಏಳರಿಂದಲೂ ಹೆಣ್ಣುಗಳು ಗರ್ಭ ಕಟ್ಟಲಿಲ್ಲ. ಲಸಿಕೆ ನಿಲ್ಲಿಸಿದ ಮೇಲೆ ಏಳರಲ್ಲಿ ಐದು ಮತ್ತೆ ಫಲವಂತವಾದವು. ಮನುಷ್ಯರಿಗೆ ಗಂಡಸರ ಗರ್ಭನಿರೋಧಕ ಹುಡುಕುವವರಿಗೆ ಇದು ಭರವಸೆಯ ಸುದ್ದಿಯೇ. ಮಂಗನ ಹಿಂಡಿನ ಲೆಕ್ಕದಲ್ಲಿ ನೋಡುವವರು ಮಾತ್ರ ಲಸಿಕೆ ಹತ್ತದೆ ಉಳಿದ ಆ ಎರಡು ಗಂಡುಗಳ ಮೇಲೆ ಕಣ್ಣಿಡಬೇಕು. ಲಸಿಕೆ ಹತ್ತಿದವುಗಳಿಗೂ ಮತ್ತೆ ಮತ್ತೆ ಬೂಸ್ಟರ್ ಬೇಕು. ಪಂಜರದ ಮಂಗಕ್ಕೆ ಅದು ಸುಲಭ. ಒಮ್ಮೆ ಬೋನಿಗೆ ಬಿದ್ದು ಪಾಠ ಕಲಿತ ಕಾಡುಮಂಗವನ್ನು ಮತ್ತೆ ಹಿಡಿಯುವವರು ಯಾರು?

ಜನ ‘ಚುಚ್ಚುಮದ್ದು’ ಎನ್ನುವುದು ಹೆಚ್ಚಾಗಿ ಇನ್ನೊಂದು ವಿಧಾನವನ್ನು. ಐಐಟಿ ಖರಗಪುರದ ಸುಜೊಯ್ ಗುಹಾ ರೂಪಿಸಿದ ರಿಸಗ್, ಅದೇ ಬುಡದಿಂದ ಅಮೆರಿಕದಲ್ಲಿ ಬೆಳೆದ ವ್ಯಾಸಲ್‌ಜೆಲ್. ಎರಡರಲ್ಲೂ ಸ್ಟೈರೀನ್ ಮ್ಯಾಲಿಕ್ ಮೂಲದ ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ ವೀರ್ಯನಾಳದೊಳಗೆ ಬಿಡುತ್ತಾರೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ 16 ಗಂಡು ರೀಸಸ್ ಮಂಗಗಳಿಗೆ (ಉತ್ತರ ಭಾರತದಲ್ಲಿ ಕಾಣುವ ಜಾತಿ) ಜೆಲ್ ಹಾಕಿ ಹೆಣ್ಣುಗಳ ಜತೆ ಬಿಟ್ಟಾಗ ಒಂದೂ ಗರ್ಭ ಕಟ್ಟಲಿಲ್ಲ ಎಂದು 2017ರಲ್ಲಿ ವರದಿಯಾಯಿತು. ಹಾಗಿದ್ದರೂ ಒಂದರಲ್ಲಿ ಜೆಲ್ ತಪ್ಪು ಜಾಗಕ್ಕೆ ಹೋಗಿತ್ತು, ಒಂದರ ನಾಳದಲ್ಲಿ ವೀರ್ಯಾಣು ಗಂಟು ಕಟ್ಟಿತ್ತು. ಇದು ದೂರದಿಂದ ಡಾರ್ಟ್ ಹೊಡೆದು ಕೊಡುವ ಮದ್ದಲ್ಲ. ಮಂಗವನ್ನು ಹಿಡಿದು, ಅರಿವಳಿಕೆ ಕೊಟ್ಟು, ಚರ್ಮ ಸೀಳಿ, ವೀರ್ಯನಾಳ ಎಳೆದುಕೊಂಡು, ಅದರ ಕೂದಲೆಳೆಯಷ್ಟು ಸಣ್ಣ ತೂತಿಗೆ ಸೂಜಿ ಸೇರಿಸಬೇಕು. ಅಷ್ಟೆಲ್ಲ ಮಾಡಿ ನಾಳ ಕೈಗೆ ಸಿಕ್ಕ ಮೇಲೆ, ಒಂದು ಸೆಂಟಿಮೀಟರ್ ಕತ್ತರಿಸಿ ಎರಡೂ ತುದಿ ಸುಟ್ಟುಬಿಟ್ಟರೆ ಕೆಲಸ ಮುಗಿಯುತ್ತದೆ. ಅದೇ ವ್ಯಾಸೆಕ್ಟಮಿ. ಕಾಡುಮಂಗದ ಮಟ್ಟಿಗೆ ಜೆಲ್‌ನಿಂದ ಬರುವ ಹೆಚ್ಚಿನ ಲಾಭ ಏನೂ ಕಾಣುವುದಿಲ್ಲ. ಬೇಕಾದಾಗ ನಾಳ ಬಿಡಿಸಬಹುದು ಎನ್ನುವುದೂ ಕಾಗದದ ಮೇಲಿನ ಮಾತು. ಬಿಡಿಸಬೇಕಾದರೆ ಅದೇ ಮಂಗ ಮತ್ತೊಮ್ಮೆ ಬೋನಿಗೆ ಬೀಳಬೇಕು.

ಬಾಳೆಹಣ್ಣಿನಲ್ಲಿ ಮಾತ್ರೆ ಇಟ್ಟರಾಯಿತು ಎನ್ನುವವರೂ ಇದ್ದಾರೆ. ಹಿಂಡಿನ ಬಲಿಷ್ಠ ಮಂಗ ಹತ್ತು ಹಣ್ಣು ತಿನ್ನುತ್ತದೆ, ಅಂಜುಬುರುಕ ಒಂದನ್ನೂ ತಿನ್ನುವುದಿಲ್ಲ. ಮಿಕ್ಕಿದ್ದು ಅಳಿಲು, ಕಬ್ಬೆಕ್ಕು, ಹಕ್ಕಿಗಳ ಹೊಟ್ಟೆಗೆ. ಆ ಮಾತು ಅಲ್ಲಿಗೇ ಬಿಡುವುದು ಒಳ್ಳೆಯದು.

ಮುಖ್ಯ ತೊಡಕು ಮದ್ದಿನಲ್ಲಿಲ್ಲ, ಮಂಗದ ಸಂಸಾರದಲ್ಲಿದೆ. ಬಾನೆಟ್ ಮಕಾಕ್ ಹಿಂಡಿನಲ್ಲಿ ಹಲವು ಗಂಡು, ಹಲವು ಹೆಣ್ಣು. ಬೆದೆಗೆ ಬಂದ ಹೆಣ್ಣು ಒಂದೇ ಗಂಡಿಗೆ ಕಟ್ಟುಬೀಳದೆ ಆ ಕೆಲವು ದಿನಗಳಲ್ಲಿ ಹಲವು ಗಂಡುಗಳ ಜತೆ ಕೂಡುತ್ತದೆ. ಹೆಣ್ಣು ಹುಟ್ಟಿದ ಹಿಂಡಿನಲ್ಲೇ ಉಳಿದರೆ ಗಂಡುಗಳು ಪಕ್ಕದ ಹಿಂಡುಗಳಿಗೆ ಹೋಗಿಬಂದು ಮಾಡುತ್ತವೆ. ಒಂದು ಹಿಂಡಿನಲ್ಲಿ 8 ದೊಡ್ಡ ಗಂಡು, 12 ದೊಡ್ಡ ಹೆಣ್ಣು ಇವೆ ಎಂದುಕೊಳ್ಳಿ. ಆರು ಗಂಡುಗಳಿಗೆ ವ್ಯಾಸೆಕ್ಟಮಿ ಮಾಡಿದರೆ ಕಡತದಲ್ಲಿ ‘ಶೇ 75 ಸಾಧನೆ’ ಎಂದು ಬರೆಯಬಹುದು. ಉಳಿದ ಎರಡೇ ಗಂಡುಗಳು 12 ಹೆಣ್ಣುಗಳಿಗೂ ಸಾಕು. ಮುಂದಿನ ವರ್ಷ ಮರಿಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದು. ಎಂಟಕ್ಕೆ ಎಂಟನ್ನೂ ಮುಗಿಸಿದರೂ ಕೂಡುವ ಕಾಲಕ್ಕೆ ಪಕ್ಕದ ಗುಡ್ಡದಿಂದ ಒಂದು ಗಂಡು ಬಂದರೆ ಲೆಕ್ಕ ತಲೆಕೆಳಗು. ಅದೇ 12 ಹೆಣ್ಣುಗಳಲ್ಲಿ 9ಕ್ಕೆ ಶಸ್ತ್ರಚಿಕಿತ್ಸೆ ಆದರೆ ಮರಿ ಹಾಕಬಲ್ಲವು ಮೂರೇ, ಎಷ್ಟು ಗಂಡು ಬಂದು ಹೋದರೂ ಮೂರೇ. ಹೆಣ್ಣಿಗೆ ಮಾಡಿದ ಪ್ರತಿಯೊಂದು ಶಸ್ತ್ರಚಿಕಿತ್ಸೆಯೂ ಅಷ್ಟು ಮರಿ ಕಡಿಮೆ ಮಾಡುತ್ತದೆ. ಗಂಡಿಗೆ ಮಾಡಿದ್ದು ಕೊನೆಯ ಗಂಡಿನವರೆಗೂ ಬಹುಮಟ್ಟಿಗೆ ವ್ಯರ್ಥ.

ಮುಸುವಗಳ ಕತೆ ಬೇರೆ. ಹನುಮಾನ್ ಲಂಗೂರ್ ಹಿಂಡಿನಲ್ಲಿ ಹೆಚ್ಚಾಗಿ ಒಂದೇ ದೊಡ್ಡ ಗಂಡು ಇರುವುದರಿಂದ ಅಲ್ಲಿ ಗಂಡಿನ ಶಸ್ತ್ರಚಿಕಿತ್ಸೆ ಆಕರ್ಷಕವಾಗಿ ಕಾಣುತ್ತದೆ. ಆದರೆ ಹಿಂಡಿಲ್ಲದ ಗಂಡುಗಳ ಗುಂಪು ಬಂದು ಯಜಮಾನನನ್ನು ಓಡಿಸಿದರೆ ಹೊಸ ಗಂಡು ಹಾಲುಗೂಸುಗಳನ್ನು ಕೊಲ್ಲುವುದೂ ಉಂಟು, ಮರಿ ಕಳೆದುಕೊಂಡ ತಾಯಂದಿರು ಬೇಗ ಬೆದೆಗೆ ಬರುವುದೂ ಉಂಟು. ಇದನ್ನು ಜಗತ್ತಿಗೆ ಮೊದಲು ತಿಳಿಸಿದ್ದು 1960ರ ದಶಕದಲ್ಲಿ ನಮ್ಮ ಧಾರವಾಡದ ಸುತ್ತ ಮುಸುವಗಳನ್ನು ನೋಡುತ್ತ ಕುಳಿತ ಜಪಾನಿನ ಸುಗಿಯಾಮ.

ಬೇರೆಡೆಯ ಅನುಭವ ಏನು? ಹಿಮಾಚಲ ಪ್ರದೇಶ 2007ರ ಸುಮಾರಿಗೆ ರೀಸಸ್ ಮಂಗಗಳ ಸಾಮೂಹಿಕ ಸಂತಾನಹರಣ ಶುರು ಮಾಡಿತು, ಗಂಡು ಹೆಣ್ಣು ಎರಡಕ್ಕೂ. ಒಂದೂವರೆ ಲಕ್ಷಕ್ಕೂ ಹೆಚ್ಚು ಮಂಗಗಳಿಗೆ ಶಸ್ತ್ರಚಿಕಿತ್ಸೆಯಾಗಿದೆ. ಅಲ್ಲಿನ ಇಲಾಖೆಯ ಎಣಿಕೆಯಲ್ಲಿ 2004ರಲ್ಲಿ 3 ಲಕ್ಷ ಮೀರಿದ್ದ ಸಂಖ್ಯೆ 2015ಕ್ಕೆ 2 ಲಕ್ಷದ ಆಸುಪಾಸಿಗೆ ಇಳಿಯಿತು. ಅಲ್ಲಿ ಕಲಿಯಬೇಕಾದದ್ದು ಒಂದಿದೆ: ಬಿಡಿ ಮಂಗ ಹಿಡಿದವರಿಗಿಂತ ಹಿಂಡಿನ ಶೇ 80ಕ್ಕಿಂತ ಹೆಚ್ಚು ಮಂಗ ಹಿಡಿದವರಿಗೆ ತಲೆಗೆ ಹೆಚ್ಚಿನ ದರ ಇಟ್ಟರು. ಹಾಂಗ್‌ಕಾಂಗ್‌ನಲ್ಲಿ ಇದಕ್ಕಿಂತ ಚಿಕ್ಕ, ಅಚ್ಚುಕಟ್ಟಾದ ಕೆಲಸ ನಡೆದಿದೆ. ಸುಮಾರು 2000 ಮಂಗಗಳಿರುವ ಉದ್ಯಾನಗಳಲ್ಲಿ ಹೆಣ್ಣುಗಳಿಗೆ ಎಂಡೋಸ್ಕೋಪ್ ಮೂಲಕ ಟ್ಯೂಬೆಕ್ಟಮಿ, ಅಂದರೆ ಅಂಡನಾಳದ ಶಸ್ತ್ರಚಿಕಿತ್ಸೆ, ಮಾಡುತ್ತ ಬಂದು, ಶೇ 60 ಮೀರಿದ್ದ ಜನನ ಪ್ರಮಾಣವನ್ನು ಶೇ 30ರ ಹತ್ತಿರಕ್ಕೆ ಇಳಿಸಿದರು. 1999ರಿಂದಲೇ ಅಲ್ಲಿ ಮಂಗಗಳಿಗೆ ತಿನಿಸು ಹಾಕುವುದಕ್ಕೆ ನಿಷೇಧ ಇತ್ತು ಎಂಬುದನ್ನೂ ಜತೆಯಲ್ಲೇ ಹೇಳಬೇಕು. ಘಾಟಿ ತಿರುವುಗಳಲ್ಲಿ ಕಾರು ನಿಲ್ಲಿಸಿ ಬಿಸ್ಕತ್ತು ಎಸೆಯುವ ನಮ್ಮ ಪ್ರವಾಸಿಗರಿಗೆ ದಂಡ ಹಾಕದೆ ಶಸ್ತ್ರಚಿಕಿತ್ಸೆಗೆ ದುಡ್ಡು ಸುರಿದು ಪ್ರಯೋಜನವಿಲ್ಲ.

ಈಗ ಕೆಲಸದ ವಿವರಕ್ಕೆ ಬರೋಣ, ಎಡವುವುದು ಇಲ್ಲಿಯೇ. ದೊಡ್ಡ ಗುಂಪು ಬೋನನ್ನು ಹಿಂಡು ದಿನಾ ಬರುವ ಜಾಗದಲ್ಲಿ ಇಟ್ಟು, ಬಾಗಿಲು ತೆರೆದು ಕಟ್ಟಿ, ಒಂದು ವಾರದಿಂದ ಹತ್ತು ದಿನ ಒಂದೇ ಹೊತ್ತಿಗೆ ಒಳಗೆ ತಿನಿಸು ಹಾಕಬೇಕು. ಮೊದಲ ದಿನವೇ ಬಾಗಿಲು ಬೀಳಿಸಿದರೆ ಸಿಗುವುದು ದಡಿಯ ಗಂಡುಗಳು ಮತ್ತು ಪಡ್ಡೆ ಮರಿಗಳು. ಮರಿ ಅವುಚಿಕೊಂಡ ತಾಯಂದಿರು ಒಳಗೆ ಕಾಲಿಡುವುದು ಕೊನೆಗೆ, ಆ ಹೊತ್ತಿಗೆ ಬಾಗಿಲು ಬೀಳುವುದನ್ನು ಅವು ಕಣ್ಣಾರೆ ಕಂಡಿರುತ್ತವೆ. ತಲೆಲೆಕ್ಕದ ಗುತ್ತಿಗೆಯಲ್ಲಿ ಗಂಡುಗಳ ಸಂಖ್ಯೆ ಉಬ್ಬುವುದು ಹೀಗೆ. ಅವಸರದಲ್ಲಿ ಬಲೆ, ಗೋಣಿಚೀಲ ಹಿಡಿದು ಬರುವವರ ಕೈಗೆ ಕೆಲಸ ಕೊಟ್ಟರೆ ಏನಾಗಬಹುದು ಎನ್ನುವುದಕ್ಕೆ 2021ರ ಜುಲೈನಲ್ಲಿ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ಚೀಲಗಳಲ್ಲಿ ಸಿಕ್ಕ 38 ಮಂಗಗಳ ಶವಗಳೇ ಸಾಕ್ಷಿ. ಹೈಕೋರ್ಟ್ ಅದನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತ್ತು.

ಹಿಡಿದ ಮಂಗವನ್ನು ರಾತ್ರಿ ನೀರು ಕೊಟ್ಟು, ತಿನಿಸು ಕೊಡದೆ ಇಡಬೇಕು. ಹಿಂದಿನ ಗೋಡೆ ಮುಂದಕ್ಕೆ ಸರಿಯುವ ಒತ್ತುಪಂಜರದಲ್ಲಿ ಬೆಳಿಗ್ಗೆ ಅರಿವಳಿಕೆ: ಕೆಟಮಿನ್ ಕೆಜಿಗೆ ಸುಮಾರು 10 ಮಿಲಿಗ್ರಾಂ, ಜತೆಗೆ ಸ್ವಲ್ಪ ಜೈಲಜಿನ್. ಇಲ್ಲಿ ನಾಯಿಗಳ ಸಂತಾನಹರಣ ಮಾಡಿ ಪಳಗಿದ ವೈದ್ಯರಿಗೂ ಹೊಳೆಯದ ಅಪಾಯವೊಂದಿದೆ. ಮಂಗದ ಎರಡೂ ಕೆನ್ನೆಯೊಳಗೆ ಚೀಲಗಳಿವೆ. ಹೊಟ್ಟೆ ಖಾಲಿ ಇದ್ದರೂ ಹಿಂದಿನ ದಿನ ತುರುಕಿಕೊಂಡ ಕಡಲೆಕಾಯಿ ಅಲ್ಲಿ ಕೂತಿರಬಹುದು. ಎಂಡೋಸ್ಕೋಪಿಗಾಗಿ ತಲೆ ತಗ್ಗಿಸಿ ಮಲಗಿಸಿ, ಹೊಟ್ಟೆಗೆ ಗಾಳಿ ತುಂಬಿದಾಗ ಅದು ಜಾರಿ ಶ್ವಾಸನಾಳಕ್ಕೆ ಅಡ್ಡವಾಗುತ್ತದೆ. ಪ್ರಜ್ಞೆ ತಪ್ಪಿದ ಕೂಡಲೇ ಕೆನ್ನೆಯನ್ನು ಹೊರಗಿನಿಂದ ಒತ್ತಿ, ಬೆರಳು ಹಾಕಿ ಖಾಲಿ ಮಾಡಿಯೇ ಮೇಜಿಗೆ ಏರಿಸಬೇಕು. ಮೂತ್ರಕೋಶವನ್ನೂ ಖಾಲಿ ಮಾಡಬೇಕು, ಇಲ್ಲದಿದ್ದರೆ ಅಂಡನಾಳ ಕಾಣುವುದಿಲ್ಲ. ಮೂರು ನಾಲ್ಕು ಕೆಜಿಯ ಜೀವಕ್ಕೆ ಮೈ ತಣ್ಣಗಾಗುವುದೂ ಬೇಗ, ಅಡಿಯಲ್ಲಿ ಬಿಸಿನೀರಿನ ಚೀಲ ಇರಲಿ. ಹೊಲಿಗೆ ಚರ್ಮದೊಳಗೆ ಹುದುಗಿರಬೇಕು, ಹೊರಗೆ ಒಂದು ದಾರ ಕಂಡರೂ ಬೆರಳಲ್ಲಿ ಬಿಡಿಸಿಬಿಡುತ್ತವೆ.

ಗಂಡುಗಳು ಬೋನಿಗೆ ಬಿದ್ದೇ ಇದ್ದರೆ ಅದೇ ಅರಿವಳಿಕೆಯಲ್ಲಿ ವ್ಯಾಸೆಕ್ಟಮಿ ಮಾಡಿಬಿಡುವುದಕ್ಕೆ ಅಡ್ಡಿಯಿಲ್ಲ. ಕಾಲು ಗಂಟೆಯ ಕೆಲಸ. ಬೀಜ ಮಾತ್ರ ಒಡೆಯಬಾರದು. ಹಾರ್ಮೋನು ಹೋದರೆ ಸ್ಥಾನ ಹೋಗುತ್ತದೆ, ಖಾಲಿಯಾದ ಸ್ಥಾನಕ್ಕೆ ಹೊರಗಿನ ಗಂಡು ಬರುತ್ತದೆ. ಸುತ್ತ ಬೇರೆ ಹಿಂಡಿಲ್ಲದ ಒಂಟಿ ಗುಡ್ಡದ ದೇವಸ್ಥಾನ, ಪುನರ್ವಸತಿ ಕೇಂದ್ರ, ಇಂಥ ಕಡೆ ಗಂಡು ವಿಧಾನಕ್ಕೆ ನಿಜವಾದ ಬೆಲೆ ಇದೆ.

ತಿಂಗಳ ಲೆಕ್ಕವೂ ಮುಖ್ಯ. ಮರಿಗಳು ಹೆಚ್ಚಾಗಿ ಹುಟ್ಟುವುದು ಫೆಬ್ರುವರಿಯಿಂದ ಏಪ್ರಿಲ್ ನಡುವೆ, ಗರ್ಭ ಸುಮಾರು ಐದೂವರೆ ತಿಂಗಳು. ಅಂದರೆ ಕೂಡುವ ಕಾಲ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ಆಸುಪಾಸು. ವ್ಯಾಸೆಕ್ಟಮಿ ಆದ ಮೇಲೂ ನಾಳದ ಮುಂಭಾಗದಲ್ಲಿ ವೀರ್ಯಾಣು ಉಳಿದಿರುತ್ತದೆ, ಮನುಷ್ಯರಿಗೇ ಮೂರು ತಿಂಗಳು ಎಚ್ಚರ ಹೇಳುತ್ತಾರೆ. ಹಾಗಾಗಿ ಗಂಡುಗಳ ಕೆಲಸ ಜೂನ್ ಒಳಗೇ ಆಗಬೇಕು, ಮಲೆನಾಡಿನಲ್ಲಿ ಆಗ ಬೋನಿನ ಹತ್ತಿರ ನಿಲ್ಲಲೂ ಆಗದಂಥ ಮಳೆ. ಹೆಣ್ಣುಗಳಿಗೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ ಮಾಡಬಹುದು. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಕ್ಯಾಸನೂರಿನಲ್ಲಿ ಕಂಡ ಆ ವೈರಸ್ ರಕ್ತ ಹೀರುವ ಉಣ್ಣೆಗಳ ಮೂಲಕ ಹರಡುತ್ತದೆ. ಆ ತಿಂಗಳುಗಳಲ್ಲಿ ಮಂಗ ಮುಟ್ಟುವುದೇ ಬೇಡ. ಒಂದೂರಿನ ಮಂಗವನ್ನು ಇನ್ನೊಂದು ಕಾಡಿಗೆ ಬಿಡುವುದೆಂದರೆ ಅದರ ಮೈಮೇಲಿನ ಉಣ್ಣೆಗಳನ್ನೂ ಅಲ್ಲಿಗೆ ಸಾಗಿಸುವುದು. 2020ರ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಕೇಳಿಬಂದ, ಹಿಡಿದ ಮಂಗಗಳನ್ನು ಒಂದೆಡೆ ಬಿಡುವ ‘ಮಂಕಿ ಪಾರ್ಕ್’ ಪ್ರಸ್ತಾಪಕ್ಕೂ ಈ ಮಾತು ಅನ್ವಯಿಸುತ್ತದೆ.

ಇದನ್ನು ರಾಜ್ಯದ ತುಂಬ ಮಾಡಿ ಎಂದು ಯಾರೂ ಕೇಳಬಾರದು. ಮೈಸೂರು ಸುತ್ತಮುತ್ತ 25 ವರ್ಷಗಳಲ್ಲಿ ಬಾನೆಟ್ ಮಕಾಕ್ ಸಂಖ್ಯೆ ಶೇ 65ರಷ್ಟು ಕುಸಿದಿದೆ ಎಂದು ಮೈಸೂರು ವಿಶ್ವವಿದ್ಯಾಲಯದ ಪ್ರಾಣಿ ವರ್ತನೆ ತಜ್ಞ ಮೇವಾ ಸಿಂಗ್ ಅವರಿದ್ದ ತಂಡ 2017ರಲ್ಲಿ ತೋರಿಸಿದೆ. ಉತ್ತರದ ರೀಸಸ್ ಮಂಗವನ್ನು 2022ರ ತಿದ್ದುಪಡಿ ವನ್ಯಜೀವಿ ಕಾಯ್ದೆಯ ಅನುಸೂಚಿಗಳಿಂದ ಕೈಬಿಟ್ಟಿತು. ನಮ್ಮ ಮಂಗಕ್ಕೆ ರಕ್ಷಣೆ ಇದ್ದೇ ಇದೆ, ಭಾರತದ ಪರ್ಯಾಯ ದ್ವೀಪ ಭಾಗ ಬಿಟ್ಟರೆ ಅದು ಸಹಜವಾಗಿ ಬೇರೆಲ್ಲೂ ಇಲ್ಲ. ಆದ್ದರಿಂದ ಹಾನಿ ದಾಖಲಾದ ಹಿಂಡುಗಳನ್ನು ಹೆಸರಿಸಿ, ತಲೆ ಎಣಿಸಿ, ಅವಕ್ಕಷ್ಟೇ ಅನುಮತಿ ಪಡೆಯಬೇಕು.

ಬೆಳೆಗಾರರಿಗೂ ಒಂದು ಮಾತು. ಶಸ್ತ್ರಚಿಕಿತ್ಸೆಯಾದ ಮಂಗ ಮರುದಿನವೂ ಅದೇ ತೋಟಕ್ಕೆ ಬರುತ್ತದೆ, ಇನ್ನೂ ಹತ್ತು ಹದಿನೈದು ವರ್ಷ ಬಂದೀತು. ಹಿಂಡು ಸಣ್ಣದಾಗುವುದು ನಿಧಾನ. ಅಲ್ಲಿಯವರೆಗೆ ಬೇಲಿ, ಕಾವಲು, ಬೆಳೆ ಪರಿಹಾರ ಯಾವುದನ್ನೂ ಕೈಬಿಡಲಾಗದು.

ಇಲಾಖೆ ಟೆಂಡರ್ ಕರೆದರೆ ಷರತ್ತು ಹೀಗಿರಲಿ: ಹಣ ಹಿಂಡಿನ ಲೆಕ್ಕದಲ್ಲಿ, ದೊಡ್ಡ ಹೆಣ್ಣುಗಳಲ್ಲಿ ನಾಲ್ಕರಲ್ಲಿ ಮೂರು ಮುಗಿದ ಮೇಲೆ. ಪ್ರತಿ ಮಂಗಕ್ಕೂ ತೊಡೆಯ ಒಳಭಾಗದಲ್ಲಿ ಹಚ್ಚೆ ಸಂಖ್ಯೆ ಮತ್ತು ಮೈಕ್ರೋಚಿಪ್. ಪೂರ್ತಿ ಎಚ್ಚರವಾದ ಮೇಲೆ ಹಿಡಿದ ಜಾಗದಲ್ಲೇ, ಎಲ್ಲವನ್ನೂ ಒಟ್ಟಿಗೆ, ಬೆಳಗಿನ ಹೊತ್ತು ಬಿಡುಗಡೆ. ಶಸ್ತ್ರಚಿಕಿತ್ಸೆ ಮುಗಿದ ಹಿಂಡುಗಳಲ್ಲಿ ಮೂರು ವರ್ಷ ಪ್ರತಿ ಮೇ ತಿಂಗಳಲ್ಲಿ ಎಷ್ಟು ಹೆಣ್ಣುಗಳ ಹೊಟ್ಟೆಗೆ ಹೊಸ ಮರಿ ಅಂಟಿದೆ ಎಂದು ಎಣಿಸಿ, ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಈ ಎಣಿಕೆಯ ವರದಿ ಬರುವ ತನಕ ಗುತ್ತಿಗೆದಾರರ ಕೊನೆಯ ಕಂತು ತಡೆಹಿಡಿಯಲಿ.

– ಒಬ್ಬ ಪಶುವೈದ್ಯ, ಸಾಗರ